ಬೈಯುವುದಾದರೆ ಹೆಸರು ಹೇಳಿ ಬೈಯಿರಿ

ಪ್ರಯೋಗಾಲಯದ ಕೋಣೆ ಹಂಚಿಕೆಯ ಸಭೆ ಶುರುವಾಗುವ ಮೊದಲೇ ನಾನು ಸೋತಿದ್ದೆ. ಮೇಜಿನ ಮೇಲೆ ಎಲ್ಲರ ಮುಂದೂ ಒಂದೊಂದು ಹಾಳೆ ಇಟ್ಟಿದ್ದರು. ಎಡಕ್ಕೆ ವಿಭಾಗದ ಅಧ್ಯಾಪಕರ ಹೆಸರು, ಬಲಕ್ಕೆ ಒಂದು ಸಂಖ್ಯೆ. ನನ್ನ ಹೆಸರು ಕೆಳಗಿನಿಂದ ಎರಡನೆಯದು. ನನಗಿಂತ ಕೆಳಗಿದ್ದವನು ಆ ವರ್ಷವೇ ಕೆಲಸಕ್ಕೆ ಸೇರಿದ್ದ ತರುಣ.

ಆ ಸಂಖ್ಯೆಯ ಬಗ್ಗೆ ಹೊರಗಿನವರಿಗೆ ಎರಡು ಮಾತು ಹೇಳಬೇಕು. ನಾವು ಬರೆದ ಸಂಶೋಧನಾ ಪ್ರಬಂಧವನ್ನು ಬೇರೆಯವರು ತಮ್ಮ ಪ್ರಬಂಧದ ಕೊನೆಯ ಆಕರಪಟ್ಟಿಯಲ್ಲಿ ಹೆಸರಿಸಿದರೆ ಅದು ಒಂದು ಉಲ್ಲೇಖ. ನಿಮ್ಮ ಹತ್ತು ಪ್ರಬಂಧಗಳಿಗೆ ತಲಾ ಹತ್ತಾದರೂ ಉಲ್ಲೇಖ ಸಿಕ್ಕಿದ್ದರೆ ನಿಮ್ಮ ಸೂಚ್ಯಂಕ ಹತ್ತು. ಬಡ್ತಿ, ಅನುದಾನ, ಈಗ ಕೋಣೆ ಕೂಡ ಈ ಸೂಚ್ಯಂಕದ ಮೇಲೆಯೇ. ಯಾರು ಯಾಕೆ ಹೆಸರಿಸಿದರು ಎಂದು ಯಾರೂ ಕೇಳುವುದಿಲ್ಲ. ಹೊಗಳಿದರೂ ಒಂದು, ಬೈದರೂ ಒಂದು.

ನಮ್ಮ ಸಂಸ್ಥೆ ಪವಾಯಿಯಲ್ಲಿದೆ. ಎಲ್ಲರಿಗೂ ಗೊತ್ತಿರುವ ದೊಡ್ಡದಲ್ಲ, ಅದರ ನೆರಳಿನಲ್ಲಿರುವ ಚಿಕ್ಕದು. ಅಲ್ಲಿ ನಾನು ಪರಮಾಣುಗಳ ಆಯಸ್ಸು ಅಳೆಯುತ್ತೇನೆ. ಲೋಹವನ್ನು ನಿರ್ವಾತದ ಕೊಠಡಿಯೊಳಗೆ ಪುಟ್ಟ ಒಲೆಯಲ್ಲಿ ಕಾಯಿಸಿದರೆ ಸಣ್ಣ ರಂಧ್ರದಿಂದ ಪರಮಾಣುಗಳು ಹಬೆಯಂತೆ ಹೊರಡುತ್ತವೆ. ಲೇಸರ್‌ನ ಒಂದು ಮಿಂಚಿನಿಂದ ಅವುಗಳನ್ನು ಕೆಣಕಬೇಕು. ಕೆಣಕಿಸಿಕೊಂಡ ಪರಮಾಣು ಕ್ಷಣದ ಕೋಟಿ ಪಾಲಿನಲ್ಲಿ ಬೆಳಕನ್ನು ಹಿಂತಿರುಗಿಸಿ ತಣ್ಣಗಾಗುತ್ತದೆ. ಅದು ಎಷ್ಟು ಹೊತ್ತು ಕೆಣಕಿದ ಸ್ಥಿತಿಯಲ್ಲಿತ್ತು ಎನ್ನುವುದೇ ಆ ಸ್ಥಿತಿಯ ಆಯಸ್ಸು. ನಕ್ಷತ್ರದಲ್ಲಿ ಯಾವ ಲೋಹ ಎಷ್ಟಿದೆ ಎಂದು ಲೆಕ್ಕ ಹಾಕುವವರಿಗೆ ಈ ಸಂಖ್ಯೆ ಬೇಕು, ದೀಪ ತಯಾರಿಸುವವರಿಗೂ ಬೇಕು. ಬಹಳ ವರ್ಷಗಳ ಹಿಂದೆ ಸಮೇರಿಯಂ ಎಂಬ ವಿರಳ ಲೋಹದ ಒಂದು ಸ್ಥಿತಿಯ ಆಯಸ್ಸನ್ನು ನಾನು ಅಳೆದಿದ್ದೆ. ಅದು ಜಗತ್ತಿನ ಎಲ್ಲ ಕಡೆ ಬಳಕೆಯಲ್ಲಿದೆ ಎಂದು ನನಗೆ ಗೊತ್ತಿತ್ತು. ಹಾಗಾದರೆ ಉಲ್ಲೇಖಗಳು ಎಲ್ಲಿ ಹೋದವು?

ಸಭೆ ಮುಗಿದ ಮೇಲೆ ವಿಭಾಗದ ಮುಖ್ಯಸ್ಥರು ನನ್ನನ್ನು ಚಹಾಕ್ಕೆ ಕರೆದರು. ಅವರು ಸೊಲ್ಲಾಪುರದವರು, ನನಗಿಂತ ಚಿಕ್ಕವರು. ಕೆಟ್ಟ ಮನುಷ್ಯರಲ್ಲ. ನನ್ನನ್ನು ಮರಾಠಿಯ ರೀತಿಯಲ್ಲಿ ತಾಈ, ಅಂದರೆ ಅಕ್ಕ, ಎನ್ನುತ್ತಾರೆ, ಕನ್ನಡವನ್ನು ತಮ್ಮ ಊರಿನ ಹಾಗೆ ಮಾತಾಡುತ್ತಾರೆ.

"ತಾಈ, ನಿಮ್ಮ ಕೆಲಸ ಚೊಲೋ ಅದ ಅಂತ ನನಗ ಗೊತ್ತದ. ಆದರ ಕಾಗದದ ಮ್ಯಾಲೆ ಕಾಣವಲ್ದು."

"ಕಾಗದ ಮಾಡಿದವರು ಸರಿಯಾಗಿ ಎಣಿಸಿದ್ದಾರಾ ಅಂತ ಮೊದಲು ನೋಡ್ತೇನೆ."

"ನೋಡ್ರಿ. ಅಲ್ಲೀತನಕ ನಾನು ಒಂದು ಮಾತು ಹೇಳತೀನಿ, ಸಿಟ್ಟಾಗಬ್ಯಾಡ್ರಿ."

ಅವರ ಮಾತು ಇದು. ಅನೇಕ ದೇಶಗಳು ಸೇರಿ ನಡೆಸುವ ಒಂದು ದೊಡ್ಡ ಪ್ರಯೋಗದ ಉಪಕರಣಗಳನ್ನು ಪರೀಕ್ಷಿಸುವ ಕೇಂದ್ರ ನಮ್ಮ ವಿಭಾಗಕ್ಕೆ ಬರಲಿತ್ತು. ಅದಕ್ಕೆ ನನ್ನ ಕೋಣೆ ಮತ್ತು ಅಲ್ಲಿರುವ, ಗಾಳಿಯ ಮೇಲೆ ತೇಲುವ ದೊಡ್ಡ ಆಪ್ಟಿಕಲ್ ಟೇಬಲ್ ಬೇಕು. ಬಿಟ್ಟುಕೊಟ್ಟರೆ ಆ ಪ್ರಯೋಗದಲ್ಲಿ ನನಗೂ ಒಂದು ಸ್ಥಾನ. ಅವರ ಪ್ರತಿ ಪ್ರಬಂಧದಲ್ಲೂ ನೂರಾರು ಲೇಖಕರ ನಡುವೆ ನನ್ನ ಹೆಸರು. ವರ್ಷದೊಳಗೆ ಸೂಚ್ಯಂಕ ಹಾಳೆಯ ಮೇಲಿನ ಅರ್ಧಕ್ಕೆ ಏರುತ್ತದೆ. ನನ್ನ ವಿದ್ಯಾರ್ಥಿಯನ್ನೂ ಅಲ್ಲಿಗೇ ಸೇರಿಸಿಕೊಳ್ಳುತ್ತಾರೆ.

ವ್ಯಾಪಾರ ಚೆನ್ನಾಗಿತ್ತು ಎಂದು ಒಪ್ಪಿಕೊಳ್ಳುತ್ತೇನೆ. ನಾನು ದಹಿಸರ್‌ನ ಹೋಟೆಲೊಂದರ ಅಡುಗೆಮನೆಯ ಹಿಂದೆ ಬೆಳೆದವಳು. ತರಕಾರಿಯವನು ಮೊದಲ ಬೆಲೆ ಹೇಳುವಾಗಲೇ ಅವನ ಕೊನೆಯ ಬೆಲೆ ನನಗೆ ಕೇಳಿಸುತ್ತದೆ. ಮುಖ್ಯಸ್ಥರು ಕೊಡುತ್ತಿದ್ದದ್ದು ಮೊದಲ ಬೆಲೆಯಲ್ಲ, ಕೊನೆಯದೇ. ಅದಕ್ಕಿಂತ ಹೆಚ್ಚು ಕೊಡಲು ಅವರ ಕೈಯಲ್ಲಿ ಇರಲಿಲ್ಲ. ಯೋಚಿಸುತ್ತೇನೆ ಎಂದು ಹೇಳಿ ಬಂದೆ.

ತೊಡಕು ಇದ್ದದ್ದು ವಿದ್ಯಾರ್ಥಿಯದು. ಅವನ ತಂದೆ ವಿಜಯಪುರದ ಕಡೆಯಿಂದ ಬಂದು ಸೆಂಟ್ರಿಂಗ್ ಕೆಲಸ ಮಾಡಿದವರು. ಮನೆ ಜೋಗೇಶ್ವರಿಯ ಚಾಳು. ಅವನ ಪಿಎಚ್.ಡಿ. ಪ್ರಬಂಧ ಮುಕ್ಕಾಲು ಮುಗಿದಿತ್ತು. ನಾನು ಅಳೆದ ಸ್ಥಿತಿಯ ನೆರೆಯ ನಾಲ್ಕು ಸ್ಥಿತಿಗಳ ಆಯಸ್ಸನ್ನು ಅವನು ಅದೇ ಯಂತ್ರದಲ್ಲಿ, ಅದೇ ವಿಧಾನದಲ್ಲಿ ಅಳೆದಿದ್ದ. ಫೆಲೋಶಿಪ್ ಮುಂದಿನ ವರ್ಷ ಮುಗಿಯಲಿತ್ತು. ಹೊಸ ಪ್ರಯೋಗಕ್ಕೆ ಹಾರಿದರೆ ಮೊದಲಿನಿಂದ ಶುರು. ಅವನ ಅಣ್ಣ ಅಂಧೇರಿಯ ಒಂದು ಕೋಚಿಂಗ್ ಕ್ಲಾಸಿನಲ್ಲಿ ಅವನಿಗೆ ನೌಕರಿ ಮಾತಾಡಿ ಇಟ್ಟಿದ್ದ.

ಆ ವಾರವೆಲ್ಲ ನಾನೂ ವಿದ್ಯಾರ್ಥಿಯೂ ಕೂತು ನನ್ನ ಸಮೇರಿಯಂ ಸಂಖ್ಯೆ ಬಳಕೆಯಾದ ಪ್ರಬಂಧಗಳನ್ನು ಹುಡುಕಿದೆವು. ಸಂಖ್ಯೆ ಎಲ್ಲ ಕಡೆ ಇತ್ತು, ದಶಮಾಂಶದ ನಂತರದ ಅಂಕಿಯ ಸಮೇತ. ಹೆಸರು ಎಲ್ಲಿಯೂ ಇರಲಿಲ್ಲ. ಪ್ರತಿಯೊಂದರ ಆಕರಪಟ್ಟಿಯಲ್ಲೂ ಒಂದೇ ಹೆಸರು: ನಮ್ಮ ಕ್ಷೇತ್ರದ ಮಹಾಕೋಷ್ಟಕ. ಜಗತ್ತಿನ ಪ್ರಯೋಗಾಲಯಗಳಲ್ಲಿ ಅಳೆದ ಸಂಖ್ಯೆಗಳನ್ನೆಲ್ಲ ಒಂದು ವಿದೇಶಿ ಸಮಿತಿ ಆರಿಸಿ, ಒಪ್ಪ ಮಾಡಿ, ಅಲ್ಲಿ ಜೋಡಿಸುತ್ತದೆ. ಪ್ರತಿ ಸಂಖ್ಯೆಯ ಪಕ್ಕದಲ್ಲಿ ಅದನ್ನು ಅಳೆದವರು ಯಾರು ಎಂಬ ಸುಳಿವನ್ನೂ ಕೊಡುತ್ತದೆ. ದಯವಿಟ್ಟು ಮೂಲವನ್ನು ಉಲ್ಲೇಖಿಸಿ ಎಂದು ಮೇಲೆ ಬರೆದಿರುತ್ತದೆ. ಯಾರೂ ಉಲ್ಲೇಖಿಸುವುದಿಲ್ಲ. ಕೋಷ್ಟಕದ ಹೆಸರೊಂದನ್ನೇ ಹಾಕಿ ಮುಂದೆ ಹೋಗುತ್ತಾರೆ.

"ಮೇಡಂ, ಕೋಷ್ಟಕದ ಸೈಟೇಷನ್ ನೋಡ್ರಿ," ಎಂದ ವಿದ್ಯಾರ್ಥಿ ಪರದೆ ತಿರುಗಿಸುತ್ತ. "ಸೀದಾ ಆಕಾಶಕ್ಕ ಹೋಗ್ಯದ. ನಮ್ಮಂಥವರದೆಲ್ಲಾ ನುಂಗಿ ಕುಂತದ."

"ಹೋಟೆಲಿನ ಬೋರ್ಡಿನ ಮೇಲೆ ಮಾಲೀಕರ ಹೆಸರಿರ್ತದೆ. ಭಟ್ಟರ ಹೆಸರು ಯಾರು ಹಾಕ್ತಾರೆ?"

"ಆದ್ರ ಭಟ್ಟರಿಗೆ ಪಗಾರ ಆದ್ರೂ ಸಿಗತದಲ್ರೀ."



ಕೋಷ್ಟಕದ ಸಮಿತಿಗೆ ಮೇಲ್ ಬರೆದೆ. ನನ್ನ ಸಂಖ್ಯೆಯ ಬಳಕೆಯ ಬಗ್ಗೆ ಒಂದು ಪ್ರಮಾಣಪತ್ರದಂಥದ್ದು ಕೊಟ್ಟರೆ ನಮ್ಮ ಸಮಿತಿಗೆ ತೋರಿಸಬಹುದಿತ್ತು. ಉತ್ತರ ಸೌಜನ್ಯದಿಂದಲೇ ಬಂತು. ಅಂಥ ಪತ್ರ ಕೊಡುವ ಪದ್ಧತಿ ನಮ್ಮಲ್ಲಿಲ್ಲ. ಅಂದಹಾಗೆ, ಹೊಸ ಆವೃತ್ತಿಯಲ್ಲಿ ನಿಮ್ಮ ಸಂಖ್ಯೆಯನ್ನು ಕೈಬಿಡುವ ಯೋಚನೆ ಇದೆ. ಹೊಸ ಪ್ರಾಯೋಗಿಕ ಸಾಕ್ಷ್ಯ ಇದ್ದರೆ ಈ ವರ್ಷದೊಳಗೆ ಕಳಿಸಿ.

ಕೇಳಲು ಹೋದದ್ದು ಏನು, ತಂದದ್ದು ಏನು. ಹೊಸಬರಿಗೆ ಒಂದು ಸಲಹೆ: ದಾಖಲೆ ಇಟ್ಟುಕೊಂಡವರ ಬಾಗಿಲು ತಟ್ಟುವ ಮೊದಲು ಅವರ ಮೇಜಿನ ಮೇಲೆ ನಿಮ್ಮ ವಿರುದ್ಧ ಏನಿದೆ ಎಂದು ತಿಳಿದುಕೊಳ್ಳಿ.

ಕಾರಣ ಒಂದು ಯುರೋಪಿಯನ್ ತಂಡದ ಪ್ರಬಂಧ. ಅವರು ಪ್ರಯೋಗ ಮಾಡುವವರಲ್ಲ, ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವವರು. ಅವರ ಲೆಕ್ಕದ ಪ್ರಕಾರ ಆ ಆಯಸ್ಸು ನಾನು ಹೇಳಿದ್ದಕ್ಕಿಂತ ಕಡಿಮೆ. ಅಳೆಯುವಾಗ ಒಲೆಯಿಂದ ಪರಮಾಣುಗಳು ಅತಿ ದಟ್ಟವಾಗಿ ಬಂದಿರಬೇಕು ಎಂಬುದು ಅವರ ಊಹೆ. ದಟ್ಟಣೆ ಇದ್ದರೆ ಆಯಸ್ಸು ಉದ್ದ ಕಾಣುವುದು ನಿಜ. ಸಂಜೆಯ ಲೋಕಲ್‌ನಲ್ಲಿ ಇಳಿಯಲು ಹೊರಟವನನ್ನು ಹತ್ತುವವರು ಮತ್ತೆ ಒಳಗೇ ತಳ್ಳಿದರೆ, ಅವನು ಬೇಕೆಂದೇ ಅಷ್ಟು ಹೊತ್ತು ಡಬ್ಬಿಯಲ್ಲಿ ಉಳಿದ ಎಂದು ಹೊರಗಿನವರು ತಿಳಿಯುತ್ತಾರೆ. ಒಂದು ಪರಮಾಣು ಬಿಟ್ಟ ಬೆಳಕನ್ನು ಪಕ್ಕದ್ದು ಹಿಡಿದು ಮತ್ತೆ ಬಿಟ್ಟರೆ ಹೀಗೆಯೇ ಆಗುತ್ತದೆ. ಆದರೆ ನಾನು ಒಲೆಯ ಬಿಸಿ ಏರಿಸಿ ಇಳಿಸಿ ಅದನ್ನು ಪರೀಕ್ಷಿಸಿದ್ದೆ. ಆ ಪರೀಕ್ಷೆಯ ನಕ್ಷೆಯನ್ನು, ಅಂದರೆ ಗ್ರಾಫನ್ನು, ಪುಟ ಮಿತಿಯ ಕಾರಣಕ್ಕೆ ಪತ್ರಿಕೆಯವರು ಕತ್ತರಿಸಿದ್ದರು. ಒಂದು ವಾಕ್ಯ ಮಾತ್ರ ಉಳಿದಿತ್ತು. ಆ ವಾಕ್ಯವನ್ನು ಓದಲು ಮೂಲ ಪ್ರಬಂಧ ತೆರೆಯಬೇಕು. ಇವರು ತೆರೆದಿರಲಿಲ್ಲ. ನನ್ನ ಸಂಖ್ಯೆ ತಪ್ಪು ಎಂದು ಎರಡು ಪುಟ ಬರೆದಿದ್ದರು, ಆಕರಪಟ್ಟಿಯಲ್ಲಿ ಹಾಕಿದ್ದು ಕೋಷ್ಟಕವನ್ನು.

ತಂಡದ ಹಿರಿಯನಿಗೆ ಬರೆದೆ. ಇಂಗ್ಲಿಷಿನಲ್ಲಿ ಎಷ್ಟು ಮೆತ್ತಗೆ ಬರೆದರೂ ಅರ್ಥ ಇಷ್ಟೇ ಆಗಿತ್ತು: ಬೈಯುವುದಾದರೆ ಹೆಸರು ಹೇಳಿ ಬೈಯಿರಿ, ನನಗೆ ಒಂದು ಉಲ್ಲೇಖವಾದರೂ ಸಿಗಲಿ. ಅವನು ತಕ್ಷಣ ಉತ್ತರಿಸಿದ. ಖಂಡಿತ, ಮುಂದಿನ ಪ್ರಬಂಧದಲ್ಲಿ ಗಮನಿಸುತ್ತೇವೆ ಎಂದ.

ನನ್ನ ಸಂಖ್ಯೆ ಹೋದರೆ ಹೋಗಲಿ ಎಂದು ಹೇಳಿಬಿಡುವ ಹಾಗಿರಲಿಲ್ಲ. ಅದು ದಟ್ಟಣೆಯಿಂದ ಬಂದ ತಪ್ಪಾದರೆ ವಿದ್ಯಾರ್ಥಿಯ ನಾಲ್ಕು ಸಂಖ್ಯೆಗಳೂ ಅದೇ ತಪ್ಪಿನವು. ಪರೀಕ್ಷಕರು ಕೇಳುವ ಮೊದಲ ಪ್ರಶ್ನೆಯೇ ಅದು. ಅವನು ಮೂರನೆಯ ದಿನ ಬಂದು ಹೇಳಿದ: "ಮೇಡಂ, ಮತ್ತೊಮ್ಮೆ ಅಳೀಯೋಣ. ಮಂದಿ ಕಡಿಮಿ ಮಾಡಿ. ಖಾಲಿ ಲೋಕಲ್‌ನ್ಯಾಗ."

"ಖಾಲಿ ಮಾಡಿದರೆ ಬೆಳಕೂ ಖಾಲಿಯಾಗ್ತದೆ. ಒಂದೊಂದೇ ಫೋಟಾನ್ ಎಣಿಸ್ತಾ ಕೂತರೆ ವಾರಗಟ್ಟಲೆ ಬೇಕು."

"ಕೂಡ್ಲಿಕ್ಕೆ ನಾ ಇದ್ದೀನಲ್ರೀ."

"ಕೋಣೆ?"

"ಕೋಣಿ ನೀವು ಮಾತಾಡ್ರಿ. ಚೌಕಾಸಿ, ಭಾವ ಮಾಡೂದು ನಿಮಗ ಬರತದ, ನನಗ ಬರಂಗಿಲ್ಲ."

ಮುಖ್ಯಸ್ಥರ ಬಳಿ ಹೋದೆ. ಚೌಕಾಸಿಯಲ್ಲಿ ನನ್ನ ನಿಯಮ ಒಂದೇ: ಎದುರಿನವನಿಗೆ ಅವಸರದಲ್ಲಿ ಬೇಕಾದದ್ದನ್ನು ಮೊದಲು ಕೊಡಿ, ನಿಮಗೆ ಬೇಕಾದದ್ದನ್ನು ಅವನು ತೂಕ ಮಾಡದೆ ಕೊಡುತ್ತಾನೆ. ಅವರಿಗೆ ಅವಸರ ಇದ್ದದ್ದು ಟೇಬಲ್‌ಗೆ. ಉಪಕರಣ ಬರುವ ದಿನ ಹತ್ತಿರವಿತ್ತು.

"ಟೇಬಲ್ ನಾಳೆಯೇ ತೆಗೊಂಡು ಹೋಗಿ. ಕೋಣೆಯ ಮುಕ್ಕಾಲು ಭಾಗವೂ ನಿಮ್ಮದೇ. ಕಿಟಕಿ ಮೂಲೆ ಮಾತ್ರ ದೀಪಾವಳಿ ದಾಟುವವರೆಗೆ ನನಗೆ."

"ಟೇಬಲ್ ಇಲ್ಲದೆ ಲೇಸರ್ ಎಲ್ಲಿ ಇಡತೀರಿ ತಾಈ? ತಲೀ ಮ್ಯಾಲೆ?"

"ಅದು ನನ್ನ ಚಿಂತೆ."

"ಮತ್ತ ದೀಪಾವಳಿ ಆದ ಮ್ಯಾಲೆ?"

"ಕೀಲಿಕೈ ನಿಮ್ಮ ಕೈಯಲ್ಲಿ."

ಅವರು ನಕ್ಕು ಒಪ್ಪಿದರು. ದೊಡ್ಡ ಪ್ರಯೋಗದಲ್ಲಿ ನನ್ನ ಸ್ಥಾನದ ಮಾತು ಅಲ್ಲಿಗೆ ಮುಗಿಯಿತು. ಪೂರ್ತಿ ಕೋಣೆ ಕೊಟ್ಟವರಿಗೆ ಮಾತ್ರ ಅದು.

ಲೇಸರ್ ಮತ್ತು ಅದರ ಕನ್ನಡಿಗಳು ಒಂದಕ್ಕೊಂದು ಕೂದಲೆಳೆಯಷ್ಟೂ ಸರಿಯಬಾರದು. ಭಾರವಾದ, ಸಪಾಟಾದ, ನಡುಗದ ಹಾಸು ಬೇಕು. ದಹಿಸರ್‌ನಲ್ಲಿ ದೊಡ್ಡಪ್ಪನ ಮಗ, ಹೋಟೆಲ್ ನಡೆಸುವ ಅಣ್ಣ, ಆ ಮಳೆಗಾಲದಲ್ಲಿ ಅಡುಗೆಮನೆ ಒಡೆಸಿ ಸ್ಟೀಲಿನದು ಹಾಕಿಸುತ್ತಿದ್ದ. ಹಳೆಯ ಓಟಾದ, ಅಂದರೆ ಅಡುಗೆಕಟ್ಟೆಯ, ಕಪ್ಪು ಗ್ರಾನೈಟ್ ಚಪ್ಪಡಿ ಗೋಡೆಗೆ ಒರಗಿಸಿಟ್ಟಿದ್ದರು. ಚಿಕ್ಕಂದಿನಲ್ಲಿ ಅದರ ಮೇಲೆ ಕೊತ್ತಂಬರಿ ಸೋಸಿದವಳು ನಾನು.

"ಎಂತ ಮಾರಾಯ್ತಿ, ಪವಾಯಿಯಲ್ಲಿ ದೊಡ್ಡ ದೊಡ್ಡ ಮಷಿನ್ ಇದೆ ಅಂತೀಯ, ಈಗ ನಮ್ಮ ತರಕಾರಿ ಹೆಚ್ಚುವ ಕಲ್ಲು ಬೇಕಾ?"

"ಅಣ್ಣ, ಇದು ನಲವತ್ತು ವರ್ಷ ಗ್ರೈಂಡರ್ ಪಕ್ಕದಲ್ಲಿದ್ದು ಅಲುಗಲಿಲ್ಲ. ನಿನಗೆ ಬೇಡವಲ್ಲ?"

"ಬೇಡ. ಆದರೆ ಮಾರ್ಬಲಿನವ ಕೇಳ್ತಿದ್ದಾನೆ."

"ಅವನಿಗೆ ಎಷ್ಟು ಹೇಳಿದ್ದೀ?"

"ನಿನ್ನ ಹತ್ತಿರ ಹೇಳಿದರೆ ಅದನ್ನೂ ಕಡಿಮೆ ಮಾಡಿಸ್ತೀ. ತೆಗೊಂಡು ಹೋಗು. ಸಾಗಿಸುವುದು ನಿನ್ನ ಖರ್ಚು."

ಟೆಂಪೋದಲ್ಲಿ ಚಪ್ಪಡಿ ಬಂತು. ಅರ್ಧ ಗಾಳಿ ತುಂಬಿದ ಸ್ಕೂಟರ್ ಟ್ಯೂಬುಗಳನ್ನು ಕಬ್ಬಿಣದ ಸ್ಟ್ಯಾಂಡಿನ ಮೇಲೆ ಹಾಸಿ, ಅದರ ಮೇಲೆ ಅದನ್ನು ಕೂರಿಸಿದೆವು. ಹೊರಗೆ ಮೆಟ್ರೋ ಕೆಲಸಕ್ಕೆ ನೆಲ ಕೊರೆಯುತ್ತಿದ್ದರೂ ಲೇಸರ್‌ನ ಚುಕ್ಕೆ ಗೋಡೆಯ ಮೇಲೆ ನಿಂತಲ್ಲೇ ನಿಂತಿತು. ಆ ಇಡೀ ಹಂಗಾಮಿನಲ್ಲಿ ಮೊದಲ ಪ್ರಯತ್ನಕ್ಕೇ ಸರಿಹೋದದ್ದು ಅದೊಂದೇ.

ಉಳಿದದ್ದೆಲ್ಲ ಕೈಕೊಟ್ಟಿತು. ಒಲೆಯ ರಂಧ್ರ ಚಿಕ್ಕದು ಮಾಡಲು ಹೊಸ ಮೂತಿ, ಅದನ್ನು ಕೂರಿಸಲು ಹೊಸ ಫ್ಲಾಂಜ್, ಅಂದರೆ ನಿರ್ವಾತದ ಕೊಠಡಿಗೆ ಬಿಗಿಯುವ ಸ್ಟೀಲ್ ಮುಚ್ಚಳ ಬೇಕಾಗಿತ್ತು. ಜೋಗೇಶ್ವರಿಯ ಒಂದು ಲೇತ್ ಗಾಲಾದಲ್ಲಿ, ಅಂದರೆ ಲೋಹ ಕಡೆಯುವ ಸಣ್ಣ ಕಾರ್ಖಾನೆಯಲ್ಲಿ, ಮಾಡಿಸಲು ಹೋದೆ. ಅಲ್ಲಿನ ಮಾಲೀಕ ಹೇಳಿದ ಬೆಲೆಯನ್ನು ಅರ್ಧಕ್ಕೆ ಇಳಿಸಿ ಬಂದೆ. ದಾರಿಯುದ್ದಕ್ಕೂ ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಫ್ಲಾಂಜ್ ಹೊಳೆಯುತ್ತ ಬಂತು. ಬಿಗಿದು ಪಂಪ್ ಹಾಕಿದರೆ ಒತ್ತಡ ಒಂದು ಹಂತಕ್ಕೆ ಇಳಿದು ಅಲ್ಲೇ ನಿಂತಿತು. ಸೋರಿಕೆ ಎಂದು ಹುಡುಕಿದೆವು. ಪ್ರತಿ ಕೀಲಿನ ಸುತ್ತ ಹೀಲಿಯಂ ಊದಿ ನೋಡಿದೆವು. ಸೋರಿಕೆ ಇರಲಿಲ್ಲ. ಕೊಠಡಿ ಬಿಸಿಯಾದಾಗ ಒತ್ತಡ ಏರುತ್ತಿತ್ತು, ತಣ್ಣಗಾದರೆ ಇಳಿಯುತ್ತಿತ್ತು. ಲೋಹವೇ ಏನನ್ನೋ ಬಿಡುತ್ತಿತ್ತು.

ಗಾಲಾಕ್ಕೆ ಫೋನ್ ಮಾಡಿದೆ.

"ಮೇಡಂ, ಆಪ್ನೇ ಭಾವ್ ಇತನಾ ತೋಡ್ ದಿಯಾ," ಎಂದ ಆತ, ಯಾವ ಮುಜುಗರವೂ ಇಲ್ಲದೆ. "ಉಸ್ ಭಾವ್ ಮೇ ತೀನ್ ಸೌ ತೀನ್ ಹೀ ಆತಾ ಹೈ."

ನಾನು ಇಳಿಸಿದ ಬೆಲೆಗೆ ಮುನ್ನೂರ ಮೂರೇ ಬರುವುದಂತೆ. ಮುನ್ನೂರ ಮೂರು ಎನ್ನುವುದು ಬೇಗ ಕಡೆಯಲು ಬರಲೆಂದು ಗಂಧಕ ಬೆರೆಸಿದ ಸ್ಟೀಲ್. ಕುರ್ಚಿ, ಕೊಳಾಯಿಗೆ ಅಡ್ಡಿಯಿಲ್ಲ. ನಿರ್ವಾತದಲ್ಲಿ ಕಾಯಿಸಿದರೆ ಗಂಧಕ ಹೊರಬರುತ್ತದೆ. ನಾವು ಬಳಸುವುದು ಮುನ್ನೂರ ನಾಲ್ಕು. ಯಾವ ಸ್ಟೀಲ್ ಎಂದು ನಾನು ಬರೆದುಕೊಟ್ಟಿದ್ದೆ. ಬೆಲೆ ಇಳಿಸುವಾಗ ಆತ ಅದೇ ಸ್ಟೀಲೇ ಬೇಕಾ ಎಂಬಂತೆ "ವಹೀ ಸ್ಟೀಲ್?" ಎಂದು ಕೇಳಿದ್ದು, ನಾನು ಯಾವುದಾದರೇನು, ಬೆಲೆ ಹೇಳು ಎಂಬಂತೆ "ಸ್ಟೀಲ್ ತೋ ಸ್ಟೀಲ್ ಹೈ, ಭಾವ್ ಬೋಲೋ" ಎಂದಿದ್ದು ಆಗ ನೆನಪಾಯಿತು. ಚೌಕಾಸಿ ಮಾಡುವವರಿಗೆ ಹೇಳುತ್ತೇನೆ: ಬೆಲೆ ಇಳಿಸಿ, ಸಾಮಾನು ಇಳಿಸಬೇಡಿ. ಎರಡರ ನಡುವೆ ಎಲ್ಲಿ ನಿಲ್ಲಬೇಕೆಂದು ಎದುರಿನವನು ನಿಮಗೆ ಹೇಳುವುದಿಲ್ಲ.

ವಿದ್ಯಾರ್ಥಿ ನನ್ನನ್ನು ಬೈಯಲಿಲ್ಲ. ಕ್ಯಾಲೆಂಡರ್ ನೋಡಿದ, ಅಷ್ಟೇ. ಹೊಸ ಫ್ಲಾಂಜ್ ಬರುವಷ್ಟರಲ್ಲಿ ಗಣಪತಿ ಮುಗಿದು ನವರಾತ್ರಿ ಬಂದಿತ್ತು. ಆಮೇಲೆ ಕೋಣೆಯ ಮುಕ್ಕಾಲು ಭಾಗದಲ್ಲಿ ಕೇಂದ್ರದವರ ಪೆಟ್ಟಿಗೆಗಳು ಬಂದವು. ಅವರಿಗೆ ದೀಪ ಬೇಕು, ನಮಗೆ ಕತ್ತಲೆ ಬೇಕು. ಕಪ್ಪು ಪರದೆ ಕಟ್ಟಿದರೆ ಎಸಿಯ ಗಾಳಿ ನಮ್ಮ ಕಡೆ ಬರುವುದಿಲ್ಲ. ಪರದೆಯೊಳಗೆ ಅವನು ಬನಿಯನ್‌ನಲ್ಲಿ ಕೂತು ಫೋಟಾನ್ ಎಣಿಸಿದ. ಒಂದೊಂದು ಫೋಟಾನನ್ನೂ ಹಿಡಿಯುವ ನಳಿಗೆ ಸೆಕೆಗೆ ತಾನೇ ಗದ್ದಲ ಮಾಡಲು, ಬಾರದ ಫೋಟಾನನ್ನೂ ಎಣಿಸಲು ಶುರು ಮಾಡಿತು. ಅದರ ಸುತ್ತ ಐಸ್ ತುಂಬಿದ ಪ್ಲಾಸ್ಟಿಕ್ ಚೀಲ ಕಟ್ಟಿದೆವು. ಐಸ್ ಕ್ಯಾಂಟೀನಿನದು. ಕ್ಯಾಂಟೀನಿನವರು ಉಡುಪಿಯವರು, ತುಳುವಿನಲ್ಲಿ ಎರಡು ಮಾತಾಡಿದರೆ ಕೊಡುತ್ತಿದ್ದರು.

ಒಲೆಯ ಬಿಸಿಯನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸುತ್ತ ಹೋದೆವು. ದಟ್ಟಣೆಯಿಂದ ತಪ್ಪಾಗಿದ್ದರೆ, ಬಿಸಿ ಇಳಿದಂತೆ ಆಯಸ್ಸೂ ಇಳಿಯಬೇಕು. ಮೇಲಿನ ಬಿಸಿಯಲ್ಲಿ ಸ್ವಲ್ಪ ಇಳಿಯಿತು. ನನ್ನ ಹಳೆಯ ಅಳತೆಯ ಬಿಸಿಗೆ ಬಂದಾಗ ನಿಂತಿತು. ಇನ್ನೂ ಇಳಿಸಿದೆವು. ನಿಂತೇ ಇತ್ತು. ಬೆಳಕು ಇದೆಯೋ ಇಲ್ಲವೋ ಎನ್ನುವಷ್ಟು ಇಳಿಸಿದಾಗಲೂ ರೇಖೆ ನೆಟ್ಟಗೆ, ಸಪಾಟಾಗಿ, ಗ್ರಾನೈಟ್ ಚಪ್ಪಡಿಯ ಹಾಗೆ ಇತ್ತು. ಸಂಖ್ಯೆ ಹಳೆಯದೇ. ದೋಷದ ಅಂತರ ಮಾತ್ರ ಮೊದಲಿಗಿಂತ ಕಿರಿದಾಯಿತು.

"ಆತು ಮೇಡಂ," ಎಂದ ವಿದ್ಯಾರ್ಥಿ. "ನಿಮ್ಮ ಮನಷ್ಯಾ ತಾನೇ ಕುಂತಿದ್ದ. ಯಾರೂ ದೂಡಿರಲಿಲ್ಲ."

ದೀಪಾವಳಿಯ ಮರುವಾರ ಮುಖ್ಯಸ್ಥರಿಗೆ ಕೀಲಿಕೈ ಕೊಟ್ಟೆ.

ಈ ಅಳತೆಯ ಪ್ರಬಂಧ ಬರೆಯುವಾಗ ಇನ್ನೊಂದು ತೊಡಕು ಎದುರಾಯಿತು. ನಮ್ಮ ಯಂತ್ರ ಸರಿಯಿದೆ ಎಂದು ತೋರಿಸಲು, ಎಲ್ಲರೂ ಒಪ್ಪಿದ ಬೇರೆ ಧಾತುಗಳ ಆಯಸ್ಸುಗಳನ್ನೂ ಅಳೆದು ಹೋಲಿಸುವುದು ಕ್ರಮ. ಅದನ್ನು ಮಾಡಿದ್ದೆವು. ವಿದ್ಯಾರ್ಥಿ ಆಕರಪಟ್ಟಿ ಟೈಪ್ ಮಾಡುತ್ತಿದ್ದವನು ಕೈ ನಿಲ್ಲಿಸಿದ.

"ಮೇಡಂ, ಈ ಹೋಲಿಕಿ ಸಂಖ್ಯಾಗಳಿಗೆ ಆಕರ ಏನು ಹಾಕಲಿ?"

"ಕೋಷ್ಟಕ ಹಾಕು."

ಅವನು ಹಾಕಲಿಲ್ಲ. ನನ್ನ ಮುಖ ನೋಡುತ್ತ ಕೂತ. ನಾನು ಹೇಳಿದ್ದು ನನಗೇ ಕೇಳಿಸಲು ಒಂದು ಗಳಿಗೆ ಬೇಕಾಯಿತು.

ಆಮೇಲೆ ಮೂಲಗಳನ್ನು ಹುಡುಕಿದೆವು. ಕೆಲವು ಇಂಟರ್‌ನೆಟ್‌ನಲ್ಲೇ ಸಿಕ್ಕವು. ಒಂದು ಯಾವಾಗಲೋ ನಿಂತುಹೋದ ಪತ್ರಿಕೆಯಲ್ಲಿತ್ತು. ನಮ್ಮ ಗ್ರಂಥಾಲಯದ ನೆಲಮಾಳಿಗೆಯಲ್ಲಿ, ಒದ್ದೆಯಾಗಿ ಒಣಗಿ ಉಬ್ಬಿದ ಸಂಪುಟಗಳ ನಡುವೆ ಅದರ ಪ್ರತಿ ಇತ್ತು. ಬರೆದವರು ನಮ್ಮ ದೇಶದ್ದೇ ಒಂದು ಸಣ್ಣ ಊರಿನ ಕಾಲೇಜಿನ ಅಧ್ಯಾಪಕರು. ಒಬ್ಬರೇ ಲೇಖಕರು. ಇಡೀ ಕ್ಷೇತ್ರ ಯಂತ್ರಗಳನ್ನು ಪರೀಕ್ಷಿಸಲು ಬಳಸುವ ಸಂಖ್ಯೆ ಅವರದು. ಅವರ ಪ್ರಬಂಧಕ್ಕಿದ್ದ ಉಲ್ಲೇಖಗಳನ್ನು ಎಣಿಸಲು ಒಂದು ಕೈ ಸಾಕು. ಈಗ ಇದ್ದಾರೋ ಇಲ್ಲವೋ, ಯಾರಿಗೂ ಗೊತ್ತಿರಲಿಲ್ಲ.

ಎಲ್ಲರ ಹೆಸರನ್ನೂ ಹಾಕಿ ಪ್ರಬಂಧ ಕಳಿಸಿದೆವು. ಪರಿಶೀಲಕರು ಒಪ್ಪಿದರು. ಸಂಪಾದಕರು ಒಪ್ಪಲಿಲ್ಲ. ಇದು ಕಿರು ವರದಿ, ಪುಟ ಮಿತಿ ಮೀರಿದೆ. ಹಳೆಯ ಮೂಲಗಳ ಬದಲು ಕೋಷ್ಟಕವೊಂದನ್ನೇ ಉಲ್ಲೇಖಿಸಿ, ಸಾಲುಗಳು ಉಳಿಯುತ್ತವೆ ಎಂದು ಬರೆದರು.

ನಾನು ಎಷ್ಟೋ ಜನರ ಜೊತೆ ಭಾವ ಮಾಡಿದ್ದೇನೆ. ಪುಟದ ಸಾಲುಗಳಿಗಾಗಿ ಭಾವ ಮಾಡಿದ್ದು ಅದೇ ಮೊದಲು. ಮೂರು ಮೇಲ್ ಆದರೂ ಸಂಪಾದಕರು ಜಗ್ಗಲಿಲ್ಲ. ಸಾಲು ಬೇಕಾದರೆ ನಿಮ್ಮಲ್ಲೇ ಎಲ್ಲಾದರೂ ಕಡಿಮೆ ಮಾಡಿಕೊಳ್ಳಿ ಎಂದರು. ನಕ್ಷೆ ಬಿಡುವ ಹಾಗಿರಲಿಲ್ಲ. ಹಿಂದೆ ನಕ್ಷೆ ಬಿಟ್ಟದ್ದರಿಂದಲೇ ಇಷ್ಟೆಲ್ಲ ಆದದ್ದು. ಉಳಿದದ್ದು ಆಕರಪಟ್ಟಿಯ ನಡುವೆ ಸಾಲಾಗಿ ನಿಂತಿದ್ದ ನನ್ನದೇ ಹಳೆಯ ಪ್ರಬಂಧಗಳು. ವಿಧಾನ ಹೀಗೆ, ಒಲೆ ಹೀಗೆ, ಲೆಕ್ಕ ಹೀಗೆ ಎಂದು ಒಂದೊಂದು ನೆಪದಲ್ಲಿ ಸೇರಿಸಿದವು. ಎಲ್ಲರೂ ಸೇರಿಸುತ್ತಾರೆ. ಒಂದೊಂದಕ್ಕೂ ಒಂದೊಂದು ಉಲ್ಲೇಖ ಸಿಗುತ್ತದೆ, ಸೂಚ್ಯಂಕ ಒಂದು ಮೆಟ್ಟಿಲಾದರೂ ಏರುತ್ತಿತ್ತು. ವಿವಾದದ ಸಂಖ್ಯೆ ಇದ್ದ ಒಂದನ್ನು ಮಾತ್ರ ಉಳಿಸಿ, ಬಾಕಿ ಎಲ್ಲವನ್ನೂ ಅಳಿಸಿದೆ. ಸಾಲುಗಳು ಸರಿಹೋದವು.

"ಮೇಡಂ, ಇದು ಲುಕ್ಸಾನಿನ ಸೌದಾ," ಎಂದ ವಿದ್ಯಾರ್ಥಿ.

"ಗೊತ್ತು. ಕಳಿಸು, ನನ್ನ ಮನಸ್ಸು ಬದಲಾಗುವ ಮೊದಲು."

ಪ್ರಬಂಧ ಅಚ್ಚಾಯಿತು. ಅಚ್ಚಾದ ಮೇಲೆ ನೋಡಿದರೆ ಕಾಲೇಜು ಅಧ್ಯಾಪಕರ ಪ್ರಬಂಧದ ಪುಟಸಂಖ್ಯೆ ತಪ್ಪಾಗಿತ್ತು. ಮಾಸಿದ ಪುಟದ ಮೂರನ್ನು ಎಂಟು ಎಂದು ಓದಿದ್ದೆವು. ಅಷ್ಟೆಲ್ಲ ಕಾದಾಡಿ ಉಳಿಸಿದ ಸಾಲಿನಲ್ಲೇ ತಪ್ಪು.

ಕೋಷ್ಟಕದವರು ನನ್ನ ಸಂಖ್ಯೆಯನ್ನು ಉಳಿಸಿಕೊಂಡರು, ಅದರ ದರ್ಜೆಯನ್ನು ಏರಿಸಿದರು. ವಿದ್ಯಾರ್ಥಿಯ ಮೌಖಿಕ ಪರೀಕ್ಷೆಯಲ್ಲಿ ಹೊರಗಿನ ಪರೀಕ್ಷಕರು ಕೂತ ಕೂಡಲೇ ಕೇಳಿದ್ದು ದಟ್ಟಣೆಯ ಪ್ರಶ್ನೆಯನ್ನೇ. ಅವನು ಸಪಾಟಾದ ರೇಖೆಯನ್ನು ಪರದೆಯ ಮೇಲೆ ತಂದು, ಪಕ್ಕಕ್ಕೆ ಸರಿದು ನಿಂತ. ಅವರು ಕನ್ನಡಕ ಸರಿಮಾಡಿಕೊಂಡು ನೋಡಿ, ಮುಂದೆ ಹೋಗಿ ಎಂದರು. ಹಿಂದಿನ ಸಾಲಿನಲ್ಲಿ ಅವನ ತಂದೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕೂತಿದ್ದರು. ಹೊರಗೆ ಬಂದಾಗ ನನ್ನನ್ನು ಕೇಳಿದರು: "ಮುಗೀತೇನ್ರೀ ಮೇಡಂ, ಇನ್ನೂ ಏನರ ಅದ?" ಮುಗೀತು ಎಂದೆ. ಅವರು ತಲೆಯಾಡಿಸಿ, ಮಗನ ಬ್ಯಾಗನ್ನು ತಾವೇ ಎತ್ತಿಕೊಂಡರು.

ಮರುವರ್ಷ ಸಭೆಯ ಹಾಳೆಯಲ್ಲಿ ನನ್ನ ಸೂಚ್ಯಂಕ ಒಂದೂ ಏರಿರಲಿಲ್ಲ. ಮುಖ್ಯಸ್ಥರು "ತಾಈ, ನಾ ಹೇಳಿದ್ದೆ" ಎನ್ನಲಿಲ್ಲ. ಹಾಗೆ ಎಂದಿದ್ದರೆ ಎರಡು ಮಾತು ಆಡಿ ಹಗುರಾಗಬಹುದಿತ್ತು. ಈಗ ನಾನು ಇನ್ನೊಬ್ಬ ಸಹೋದ್ಯೋಗಿಯ ಪ್ರಯೋಗಾಲಯದ ಅಂಚಿನಲ್ಲಿ ಕೆಲಸ ಮಾಡುತ್ತೇನೆ. ಗ್ರಾನೈಟ್ ಚಪ್ಪಡಿ ಹಳೆಯ ಕೋಣೆಯಲ್ಲೇ ಇದೆ. ಎತ್ತಲು ಯಾರೂ ತಯಾರಿಲ್ಲ. ಕೇಂದ್ರದವರು ಅದರ ಮೇಲೆ ಚಹಾದ ಕೆಟಲ್ ಇಟ್ಟುಕೊಂಡಿದ್ದಾರೆ.

ಕೆಲವು ತಿಂಗಳ ನಂತರ ವಿದ್ಯಾರ್ಥಿ ಫೋನ್ ಮಾಡಿದ. ಅವನೀಗ ಬೇರೊಂದು ಊರಿನ ಪ್ರಯೋಗಾಲಯದಲ್ಲಿದ್ದಾನೆ. ಯುರೋಪಿಯನ್ ತಂಡದ ಹೊಸ ಪ್ರಬಂಧ ಬಂದಿದೆ, ನೋಡಿದ್ರೇನ್ರೀ ಎಂದ. ತೆರೆದೆ. ತಮ್ಮ ಹಿಂದಿನ ಲೆಕ್ಕದಲ್ಲಿ ಒಂದು ಅಂಶ ಬಿಟ್ಟುಹೋಗಿತ್ತು, ಸೇರಿಸಿದ ಮೇಲೆ ಪ್ರಯೋಗಕ್ಕೆ ಸರಿಹೊಂದುತ್ತದೆ ಎಂದು ಬರೆದಿದ್ದರು. ಪ್ರಯೋಗ ಯಾರದು ಎಂದು ಆಕರಪಟ್ಟಿಗೆ ಇಳಿದೆ. ಕೋಷ್ಟಕ, ಹೊಸ ಆವೃತ್ತಿ.

"ಇನ್ನೂ ಕೆಳಗ ಬರ್ರಿ," ಎಂದ.

ಕೆಳಗೆ, ಅವರ ವಿಧಾನದ ಹೋಲಿಕೆಗಾಗಿ ಕೊಟ್ಟ ಮೂಲಗಳ ನಡುವೆ, ಆ ಸಣ್ಣ ಊರಿನ ಕಾಲೇಜು ಅಧ್ಯಾಪಕರ ಹೆಸರಿತ್ತು. ಮುಂದೆ ಪುಟಸಂಖ್ಯೆ. ಮೂರರ ಜಾಗದಲ್ಲಿ ಎಂಟು.

"ನಮ್ಮದನ್ನ ಎದುರಿಗೆ ಇಟ್ಟುಕೊಂಡೇ ನಕಲ ಮಾಡ್ಯಾರ ಮೇಡಂ," ಎಂದು ಅವನು ನಗತೊಡಗಿದ. "ಚೋರಿ ಪಕಡೀ ಗಯಿ. ಈಗ ಬರೀರಿ ಅವರಿಗೆ, ಬಿಡಬ್ಯಾಡ್ರಿ."

ಬರೆಯಲು ಕೂತೆ. ಹಳೆಯ ವಾಕ್ಯಗಳೆಲ್ಲ ಬೆರಳ ತುದಿಯಲ್ಲೇ ಇದ್ದವು. ಎರಡು ಸಾರಿ ಬರೆದು ಎರಡು ಸಾರಿ ಅಳಿಸಿದೆ. ಕೊನೆಗೆ, ನಿಮ್ಮ ಪ್ರಬಂಧದ ಈ ಆಕರದ ಪುಟಸಂಖ್ಯೆ ತಪ್ಪಾಗಿದೆ, ಸರಿಯಾದದ್ದು ಇದು, ದಯವಿಟ್ಟು ತಿದ್ದಿಕೊಳ್ಳಿ ಎಂದು ಮಾತ್ರ ಬರೆದು ಕಳಿಸಿದೆ. ನನ್ನ ಹೆಸರು ಕೆಳಗೆ ಸಹಿಯಲ್ಲಿತ್ತು.